ನ್ಯೂಜಿಲೆಂಡ್: ಹಣದುಬ್ಬರ ಇಳಿದರೂ ಮನೆಖರ್ಚು ಇಳಿದಿಲ್ಲ, ಉತ್ಪಾದಕತೆಗೂ ಇದಕ್ಕೂ ಏನು ನಂಟು?

ಪ್ರಶ್ನೆ: ಕರಾವಳಿ_ಓದುಗ

ನ್ಯೂಜಿಲೆಂಡಿನ ಅರ್ಥವ್ಯವಸ್ಥೆಯನ್ನು ಹತ್ತಿರದಿಂದ ಗಮನಿಸುವವರು ದಯವಿಟ್ಟು ವಿವರವಾಗಿ ಉತ್ತರಿಸಿ. ಅಲ್ಲಿನ ಜನಸಂಖ್ಯೆ ಸುಮಾರು 53 ಲಕ್ಷ, ಅಂದರೆ ಬೆಂಗಳೂರಿನ ಅರ್ಧವೂ ಇಲ್ಲ. 2022ರ ಜೂನ್ ತ್ರೈಮಾಸಿಕದಲ್ಲಿ ವಾರ್ಷಿಕ ಹಣದುಬ್ಬರ ಶೇ. 7.3 ಇತ್ತು. 2024ರ ಸೆಪ್ಟೆಂಬರ್ ಹೊತ್ತಿಗೆ ಅದು ಶೇ. 2.2ಕ್ಕೆ ಇಳಿಯಿತು. ಆದರೂ ಅಲ್ಲಿರುವ ಕನ್ನಡಿಗರನ್ನು ಕೇಳಿದರೆ ಸಂಬಳ ಸಾಲುತ್ತಿಲ್ಲ ಅಂತಲೇ ಹೇಳುತ್ತಾರೆ.

ನನ್ನ ಗೊಂದಲಗಳು ಇವು. ಹಣದುಬ್ಬರ ಇಳಿದ ಮೇಲೂ ಖರ್ಚು ಯಾಕೆ ಇಳಿದಿಲ್ಲ? ಹಾಲಿನ ಉತ್ಪನ್ನಗಳಲ್ಲಿ ಶೇ. 95ರಷ್ಟನ್ನು ರಫ್ತು ಮಾಡುವ ದೇಶದಲ್ಲಿ ಅರ್ಧ ಕೆಜಿ ಬೆಣ್ಣೆಗೆ 8 ಡಾಲರ್ ದಾಟಿದ್ದು ಹೇಗೆ? ಇನ್ನು, ಓದಿದಲ್ಲೆಲ್ಲ 'ಉತ್ಪಾದಕತೆ ಕಡಿಮೆ' ಎಂಬ ಮಾತು ಬರುತ್ತದೆ. ಜನ ಸರಿಯಾಗಿ ದುಡಿಯುವುದಿಲ್ಲ ಅಂತ ಅರ್ಥವೇ? ಅದಕ್ಕೂ ದಿನಸಿ ಬಿಲ್ಲಿಗೂ ಸಂಬಂಧ ಹೇಗೆ? ಅಲ್ಲಿ ಗೃಹಸಾಲ ಇಟ್ಟುಕೊಂಡಿರುವವರು ಸದ್ಯಕ್ಕೆ ಏನು ಮಾಡಬಹುದು ಎಂಬುದನ್ನೂ ತಿಳಿಸಿದರೆ ಉಪಕಾರ.

ಉತ್ತರ 1: ಸೂಚ್ಯಂಕ

ಮೊದಲ ಗೊಂದಲವನ್ನು ಗುಣಾಕಾರದಿಂದಲೇ ಬಿಡಿಸಬಹುದು. ಹಣದುಬ್ಬರ ಎಂದರೆ ಬೆಲೆ ಏರುವ ವೇಗ. ವೇಗ ಇಳಿದರೆ ಬೆಲೆ ಇಳಿಯಬೇಕೆಂದಿಲ್ಲ, ನಿಧಾನವಾಗಿ ಏರುತ್ತದೆ ಅಷ್ಟೆ. ಜೂನ್ ತ್ರೈಮಾಸಿಕದ ವಾರ್ಷಿಕ ದರಗಳನ್ನು ಸಾಲಾಗಿ ಇಟ್ಟು ನೋಡಿ: 2022ರಲ್ಲಿ ಶೇ. 7.3, 2023ರಲ್ಲಿ 6.0, 2024ರಲ್ಲಿ 3.3, 2025ರಲ್ಲಿ 2.7. 2021ರ ಜೂನ್‌ನಲ್ಲಿ 100 ಡಾಲರಿಗೆ ಬರುತ್ತಿದ್ದ ಸಾಮಾನು ಮೊದಲ ವರ್ಷ 107.3 ಆಯಿತು, ಆಮೇಲೆ 113.7, ಆಮೇಲೆ 117.5, ಕೊನೆಗೆ 120.7. ನಾಲ್ಕು ವರ್ಷದಲ್ಲಿ ನಿಮ್ಮ ಕೈಗೆ ಬರುವ ಸಂಬಳ, ತೆರಿಗೆ ಕಳೆದ ಮೇಲೆ, ಶೇ. 20.7 ಏರಿಲ್ಲದಿದ್ದರೆ ನೀವು ಹಿಂದೆ ಬಿದ್ದಿದ್ದೀರಿ. ರಿಸರ್ವ್ ಬ್ಯಾಂಕ್ ಆಫ್ ನ್ಯೂಜಿಲೆಂಡಿನ ಗುರಿ ಇರುವುದು ಶೇ. 1ರಿಂದ 3ರ ನಡುವಿನ ಏರಿಕೆ. ಹಳೆಯ ಬೆಲೆಯನ್ನು ವಾಪಸ್ ತರುವುದು ಅದರ ಕೆಲಸವೇ ಅಲ್ಲ.

ಎರಡನೆಯದು ಸೂಚ್ಯಂಕದ ಒಳಗೆ ಏನಿದೆ, ಏನಿಲ್ಲ ಎಂಬುದು. ಅಲ್ಲಿನ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಗೃಹಸಾಲದ ಬಡ್ಡಿ ಇಲ್ಲ. ಹೊಸ ಮನೆ ಕಟ್ಟುವ ಖರ್ಚಿದೆ, ಬಾಡಿಗೆ ಇದೆ, ನಿವೇಶನದ ಬೆಲೆ ಇಲ್ಲ. ಬಡ್ಡಿಯನ್ನೂ ಸೇರಿಸುವ ಬೇರೊಂದು ಲೆಕ್ಕವನ್ನು ಅಂಕಿಅಂಶ ಇಲಾಖೆ ಮನೆವಾರು ಜೀವನವೆಚ್ಚ ಸೂಚ್ಯಂಕ ಅಂತ ಪ್ರಕಟಿಸುತ್ತದೆ. 2022ರ ಡಿಸೆಂಬರ್‌ನಲ್ಲಿ ಗ್ರಾಹಕ ಬೆಲೆ ಹಣದುಬ್ಬರ ಶೇ. 7.2 ಇದ್ದಾಗ ಈ ಲೆಕ್ಕದಲ್ಲಿ ಏರಿಕೆ ಶೇ. 8.2 ಇತ್ತು. ಜನ 'ಸರ್ಕಾರದ ಅಂಕಿ ಸುಳ್ಳು' ಎನ್ನುವುದು ಬಹುತೇಕ ಈ ವ್ಯತ್ಯಾಸವನ್ನು ನೋಡಿ. ಅಂಕಿ ಸುಳ್ಳಲ್ಲ, ಅವರು ನೋಡುತ್ತಿರುವ ಸೂಚ್ಯಂಕ ಬೇರೆ.

ಮೂರನೆಯದು ಮುಖ್ಯ. ಹಣದುಬ್ಬರವನ್ನು ಎರಡು ಪಾಲು ಮಾಡಿ ನೋಡಬೇಕು. ಹಡಗಿನಲ್ಲಿ ಬಂದು ಹೋಗುವ ವಸ್ತುಗಳು ಒಂದು ಪಾಲು: ಪೆಟ್ರೋಲ್, ಟಿವಿ, ಬಟ್ಟೆ, ಬೆಣ್ಣೆ. ದೇಶದೊಳಗೇ ಹುಟ್ಟಿ ಅಲ್ಲೇ ಮುಗಿಯುವುದು ಇನ್ನೊಂದು: ಕೌನ್ಸಿಲ್ ರೇಟ್ಸ್ (ನಮ್ಮ ಆಸ್ತಿ ತೆರಿಗೆ ಇದ್ದಂತೆ), ವಿದ್ಯುತ್, ವಿಮೆ, ಬಾಡಿಗೆ, ಪ್ಲಂಬರ್ ಕೂಲಿ. 2025ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಒಟ್ಟು ಹಣದುಬ್ಬರ ಶೇ. 3.0 ಆಗಿದ್ದಾಗ ವಿದ್ಯುತ್ ಶೇ. 11.3, ಕೌನ್ಸಿಲ್ ರೇಟ್ಸ್ ಶೇ. 8.8 ಏರಿತ್ತು. ಇವೆರಡೂ ಬಡ್ಡಿದರಕ್ಕೆ ಬಗ್ಗುವವಲ್ಲ. ನೆಲದಡಿಯ ನೀರಿನ ಕೊಳವೆಗಳನ್ನು ದಶಕಗಟ್ಟಲೆ ಬದಲಿಸದೆ ಬಿಟ್ಟದ್ದಕ್ಕೆ ಈಗ ಕೌನ್ಸಿಲ್ ರೇಟ್ಸ್ ಮೂಲಕ ಬಿಲ್ ಬರುತ್ತಿದೆ. ವಿದ್ಯುತ್ ತಂತಿ ಜಾಲದ ಕಂಪನಿಗಳು ಎಷ್ಟು ವಸೂಲಿ ಮಾಡಬಹುದು ಎಂಬ ಮಿತಿಯನ್ನು ವಾಣಿಜ್ಯ ಆಯೋಗ ಐದು ವರ್ಷಕ್ಕೊಮ್ಮೆ ನಿಗದಿ ಮಾಡುತ್ತದೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಿತಿಯಿಂದಲೇ ತಿಂಗಳ ಬಿಲ್ಲಿಗೆ ಪ್ರದೇಶಕ್ಕೆ ತಕ್ಕಂತೆ 10ರಿಂದ 25 ಡಾಲರ್ ಕೂಡಿತು. ರಿಸರ್ವ್ ಬ್ಯಾಂಕ್ ತನ್ನ ಓಸಿಆರ್ ದರವನ್ನು (ನಮ್ಮ ರೆಪೊ ದರದಂಥ ಮೂಲ ಬಡ್ಡಿದರ) 2023ರ ಮೇನಲ್ಲಿ ಶೇ. 5.5ಕ್ಕೆ ಏರಿಸಿ, 2024ರ ಆಗಸ್ಟ್‌ನಿಂದ ಇಳಿಸುತ್ತಾ 2025ರ ನವೆಂಬರ್‌ನಲ್ಲಿ ಶೇ. 2.25ಕ್ಕೆ ತಂದಿತು. ಅದರಿಂದ ಗೃಹಸಾಲದವರಿಗೆ ಉಸಿರಾಡಲು ಜಾಗ ಸಿಕ್ಕಿತು. ಬಾಡಿಗೆ ಮನೆಯಲ್ಲಿರುವ, ಸಾಲವೇ ಇಲ್ಲದ ಮನೆಗೆ ಅದರಿಂದ ನೇರವಾಗಿ ಸಿಕ್ಕಿದ್ದು ಬಹಳ ಕಡಿಮೆ.

ಉತ್ತರ 2: ಹಾಲಿನ_ಲೆಕ್ಕ

ಬೆಣ್ಣೆಯ ಬಗ್ಗೆ ನಾನು ಹೇಳುತ್ತೇನೆ. 2025ರ ಜೂನ್‌ನಲ್ಲಿ 500 ಗ್ರಾಂ ಬೆಣ್ಣೆಯ ಸರಾಸರಿ ಬೆಲೆ 8.60 ಡಾಲರ್ ಇತ್ತು, ಒಂದೇ ವರ್ಷದಲ್ಲಿ ಶೇ. 46.5 ಏರಿಕೆ. ಎಲ್ಲರೂ ಸೂಪರ್‌ಮಾರ್ಕೆಟ್‌ಗಳನ್ನು ಬೈದರು. ಲೆಕ್ಕ ಹಾಕಿ ನೋಡೋಣ.

ನ್ಯೂಜಿಲೆಂಡಿನ ಹಾಲಿನ ಉತ್ಪನ್ನಗಳಿಗೆ ಜಾಗತಿಕ ದರ ತಿಳಿಯುವುದು ಗ್ಲೋಬಲ್ ಡೈರಿ ಟ್ರೇಡ್ ಎಂಬ ಹರಾಜಿನಲ್ಲಿ. 2025ರ ಮೇನಲ್ಲಿ ಅಲ್ಲಿ ಬೆಣ್ಣೆ ಟನ್ನಿಗೆ 8,000 ಅಮೆರಿಕನ್ ಡಾಲರ್ ಹತ್ತಿರ ಮುಟ್ಟಿತು. ಆಗ ಒಂದು ನ್ಯೂಜಿಲೆಂಡ್ ಡಾಲರಿಗೆ ಸುಮಾರು 60 ಅಮೆರಿಕನ್ ಸೆಂಟ್. ಅಂದರೆ ಟನ್ನಿಗೆ ಸುಮಾರು 13,330 ನ್ಯೂಜಿಲೆಂಡ್ ಡಾಲರ್, 500 ಗ್ರಾಂಗೆ 6.67. ಇದರ ಮೇಲೆ ಶೇ. 15 ಜಿಎಸ್‌ಟಿ ಹಾಕಿದರೆ 7.67. ಉಳಿದ 93 ಸೆಂಟಿನಲ್ಲಿ (ಅದರಲ್ಲೂ ಜಿಎಸ್‌ಟಿ ಇದೆ, ಅದು ಕಳೆದರೆ 81) ಕತ್ತರಿಸುವುದು, ಕಾಗದ ಸುತ್ತುವುದು, ಶೀತಲ ಲಾರಿ, ಅಂಗಡಿಯ ಫ್ರಿಜ್, ಅಂಗಡಿಯವರ ಲಾಭ ಎಲ್ಲ ಬರಬೇಕು. ಬೆಣ್ಣೆಯ ವಿಷಯದಲ್ಲಿ ಮಧ್ಯದವರು ಕೊಳ್ಳೆ ಹೊಡೆಯಲು ಜಾಗವೇ ಇಲ್ಲ.

'ನಮ್ಮದೇ ಹಾಲು, ನಮಗೆ ಅಗ್ಗಕ್ಕೆ ಕೊಡಿ' ಎಂಬ ವಾದ ಅಲ್ಲಿ ನಡೆಯುವುದಿಲ್ಲ, ಯಾಕೆಂದರೆ ಫಾಂಟೆರಾ ಎಂಬ ದೊಡ್ಡ ಹಾಲು ಸಹಕಾರಿಯ ಮಾಲೀಕರೇ ರೈತರು. ಶೇ. 95 ಸರಕು ಹೊರಗೆ ಹೋಗುವಾಗ ಉಳಿದ ಶೇ. 5ರ ಬೆಲೆಯನ್ನು ಹೊರಗಿನ ಗ್ರಾಹಕನೇ ನಿಗದಿ ಮಾಡುತ್ತಾನೆ. ಅದೇ ಹೊತ್ತಿನಲ್ಲಿ ಫಾಂಟೆರಾ ರೈತರಿಗೆ ಕೊಟ್ಟ ದರ 2024-25ರ ಹಂಗಾಮಿಗೆ ಒಂದು ಕೆಜಿ ಹಾಲಿನ ಘನಾಂಶಕ್ಕೆ 10 ಡಾಲರ್ ದಾಟಿತು. ವೈಕಾಟೊ, ಸೌತ್‌ಲ್ಯಾಂಡ್ ಕಡೆಯ ಊರುಗಳಿಗೆ ಅದು ಸುಗ್ಗಿ. ಒಂದೇ ಬೆಲೆ, ಆಕ್ಲೆಂಡಿನ ಮನೆಗೆ ಕಷ್ಟ, ಮಾರಿನ್ಸ್‌ವಿಲ್ ಕೊಟ್ಟಿಗೆಗೆ ಲಾಭ.

ನಮ್ಮಲ್ಲಿ ನಂದಿನಿ ಬೆಣ್ಣೆಯ ದರ ಈ ಹರಾಜಿನ ಜೊತೆ ಕುಣಿಯುವುದಿಲ್ಲ. ಭಾರತ ಬೆಣ್ಣೆಯ ಆಮದಿಗೆ ಶೇ. 40 ಸುಂಕ ಹಾಕುತ್ತದೆ, ಉತ್ಪಾದನೆಯ ಬಹುಪಾಲು ಒಳಗೇ ಖರ್ಚಾಗುತ್ತದೆ. ಹಾಗಾಗಿ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಒಂದು ಎಚ್ಚರಿಕೆ: ಹರಾಜಿನ ದರ ಇಳಿದ ಮರುದಿನವೇ ಅಂಗಡಿಯಲ್ಲಿ ಇಳಿಯುವುದಿಲ್ಲ. ಹರಾಜಿನಲ್ಲಿ ಮಾರುವುದು ಮುಂದಿನ ತಿಂಗಳುಗಳಲ್ಲಿ ಕಳಿಸುವ ಸರಕನ್ನು. ಅಂಗಡಿಗಳ ಖರೀದಿ ಒಪ್ಪಂದಗಳೂ ಮೊದಲೇ ಆಗಿರುತ್ತವೆ.

ಕರಾವಳಿ_ಓದುಗ

ಈ ಲೆಕ್ಕ ತುಂಬ ಸ್ಪಷ್ಟವಾಗಿದೆ, ಧನ್ಯವಾದ. ಹಾಗಾದರೆ ಸೂಪರ್‌ಮಾರ್ಕೆಟ್‌ಗಳ ಮೇಲಿನ ಆರೋಪ ಪೂರ್ತಿ ಸುಳ್ಳೇ? ಅಲ್ಲಿ ಎರಡೇ ಕಂಪನಿಗಳಿವೆ ಅಂತ ಕೇಳಿದ್ದೆ.

ಹಾಲಿನ_ಲೆಕ್ಕ

ಸುಳ್ಳಲ್ಲ. ಬೆಣ್ಣೆಗೆ ಹೊಂದುವುದಿಲ್ಲ ಅಂದೆ ಅಷ್ಟೆ. ಫುಡ್‌ಸ್ಟಫ್ಸ್ (ಪ್ಯಾಕ್‌ಎನ್‌ಸೇವ್, ನ್ಯೂ ವರ್ಲ್ಡ್, ಫೋರ್ ಸ್ಕ್ವೇರ್) ಮತ್ತು ವೂಲ್‌ವರ್ತ್ಸ್ (ಹಿಂದಿನ ಕೌಂಟ್‌ಡೌನ್), ಇವೆರಡೇ ದೊಡ್ಡವು. ವಾಣಿಜ್ಯ ಆಯೋಗ 2022ರ ಮಾರ್ಚ್‌ನಲ್ಲಿ ಕೊಟ್ಟ ವರದಿಯ ಅಂದಾಜಿನಂತೆ ಈ ವಲಯದ ಅತಿಲಾಭ ವರ್ಷಕ್ಕೆ ಸುಮಾರು 43 ಕೋಟಿ ಡಾಲರ್. ತಲೆಗೆ ಹಂಚಿದರೆ 80 ಡಾಲರ್ ಆಸುಪಾಸು. ನಾಲ್ಕು ಜನರ ಮನೆಗೆ ವಾರಕ್ಕೆ 6 ಡಾಲರ್. ಇದು ಸಣ್ಣ ಮೊತ್ತವಲ್ಲ, ಆದರೆ ಒಟ್ಟು ಬೆಲೆ ಏರಿಕೆಗೆ ಇದೊಂದೇ ಕಾರಣ ಅನ್ನುವಷ್ಟು ದೊಡ್ಡದೂ ಅಲ್ಲ.

ಹೊಸಬರು ಬರಲಾಗದಂತೆ ತಡೆದದ್ದು ಜಾಗ. ಈ ಕಂಪನಿಗಳು ತಾವು ಬಿಟ್ಟ ನಿವೇಶನಗಳ ಕ್ರಯಪತ್ರದಲ್ಲಿ 'ಇಲ್ಲಿ ಬೇರೆ ದಿನಸಿ ಅಂಗಡಿ ತೆರೆಯುವಂತಿಲ್ಲ' ಎಂಬ ಷರತ್ತು ಬರೆಸುತ್ತಿದ್ದವು. 2022ರ ಕಾನೂನು ಅದನ್ನು ನಿಲ್ಲಿಸಿತು. 2023ರಲ್ಲಿ ಪ್ರತ್ಯೇಕ ದಿನಸಿ ಕಾಯ್ದೆ ಬಂತು, ದಿನಸಿ ಆಯುಕ್ತರ ನೇಮಕವಾಯಿತು. 2024ರ ಅಕ್ಟೋಬರ್‌ನಲ್ಲಿ ಉತ್ತರ ಮತ್ತು ದಕ್ಷಿಣ ದ್ವೀಪದ ಎರಡು ಫುಡ್‌ಸ್ಟಫ್ಸ್ ಸಹಕಾರಿಗಳು ಒಂದಾಗಲು ಕೇಳಿದ ಅನುಮತಿಯನ್ನು ಆಯೋಗ ನಿರಾಕರಿಸಿತು. ಗ್ರಾಹಕರಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಏಕಮಾನ ಬೆಲೆಯ ನಿಯಮ. ದೊಡ್ಡ ಅಂಗಡಿಗಳು ಪ್ರತಿ 100 ಗ್ರಾಂ ಅಥವಾ ಲೀಟರಿಗೆ ಎಷ್ಟು ಎಂದು ಚೀಟಿಯಲ್ಲಿ ಹಾಕಲೇಬೇಕು. 'ಸ್ಪೆಷಲ್' ಎಂಬ ಹಳದಿ ಚೀಟಿ ನೋಡಬೇಡಿ, ಕೆಳಗಿನ ಸಣ್ಣ ಅಕ್ಷರ ನೋಡಿ. ರಿಯಾಯಿತಿಯ ಸಣ್ಣ ಪೊಟ್ಟಣಕ್ಕಿಂತ ರಿಯಾಯಿತಿಯಿಲ್ಲದ ದೊಡ್ಡ ಪೊಟ್ಟಣ ಅಗ್ಗವಾಗಿರುವುದು ಅದರಿಂದಲೇ ಗೊತ್ತಾಗುತ್ತದೆ.

ಉತ್ತರ 3: ಕಾರ್ಖಾನೆ_ಗಂಟೆ

ಉತ್ಪಾದಕತೆಯ ಪ್ರಶ್ನೆಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಜನ ದುಡಿಯುವುದಿಲ್ಲ ಎಂಬುದು ಪೂರ್ತಿ ತಪ್ಪು. ಅಲ್ಲಿನ ಉತ್ಪಾದಕತಾ ಆಯೋಗ 2021ರಲ್ಲಿ ಕೊಟ್ಟ ಅಂಕಿ ನೋಡಿ: ನ್ಯೂಜಿಲೆಂಡಿನವರು ವಾರಕ್ಕೆ 34.2 ಗಂಟೆ ದುಡಿಯುತ್ತಾರೆ, ಓಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟದ ಇತರ ದೇಶಗಳವರು 31.9 ಗಂಟೆ. ಆದರೆ ಒಂದು ಗಂಟೆಗೆ ಹುಟ್ಟುವ ಮೌಲ್ಯ ನ್ಯೂಜಿಲೆಂಡಿನಲ್ಲಿ 68 ಡಾಲರ್, ಆ ದೇಶಗಳಲ್ಲಿ 85. ಹೆಚ್ಚು ಹೊತ್ತು ದುಡಿದು ಕಡಿಮೆ ಗಳಿಸುವುದು. (ಈ ಅಂಕಿಗಳನ್ನು ಕೊಟ್ಟ ಆಯೋಗವನ್ನೇ 2024ರ ಫೆಬ್ರವರಿ 29ಕ್ಕೆ ಮುಚ್ಚಿದರು. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ. ಸಮಸ್ಯೆಯನ್ನು ವರ್ಷಗಟ್ಟಲೆ ಕೂತು ಅಳೆಯುವ ಒಂದು ಜಾಗ ಹೋಯಿತು.) ಖಜಾನೆ ಇಲಾಖೆಯ ಲೆಕ್ಕದಂತೆ 1993ರಿಂದ 2013ರ ತನಕ ಗಂಟೆಯ ಉತ್ಪಾದನೆ ವರ್ಷಕ್ಕೆ ಸರಾಸರಿ ಶೇ. 1.4 ಏರುತ್ತಿತ್ತು, ಆಮೇಲಿನ ಹತ್ತು ವರ್ಷದಲ್ಲಿ ಶೇ. 0.2. ಮೊದಲ ವೇಗದಲ್ಲಿ ಆದಾಯ ಇಮ್ಮಡಿಯಾಗಲು 50 ವರ್ಷ ಸಾಕು, ಎರಡನೆಯದರಲ್ಲಿ 350 ವರ್ಷ ಬೇಕು.

ಬೆಲೆಗೆ ನಂಟು ಇಲ್ಲಿದೆ. ಒಂದು ವಸ್ತುವಿನ ಮೇಲೆ ಬೀಳುವ ಕೂಲಿ ಎಂದರೆ ಗಂಟೆಯ ಸಂಬಳವನ್ನು ಗಂಟೆಯ ಉತ್ಪಾದನೆಯಿಂದ ಭಾಗಿಸಿದ್ದು. ಸಂಬಳ ಶೇ. 4 ಏರಿ ಉತ್ಪಾದನೆ ಶೇ. 1.4 ಏರಿದರೆ ಆ ವಸ್ತುವಿನ ಮೇಲಿನ ಕೂಲಿ ಏರುವುದು ಶೇ. 2.6. ಉತ್ಪಾದನೆ ಶೇ. 0.2 ಮಾತ್ರ ಏರಿದರೆ ಶೇ. 3.8. ಹಣದುಬ್ಬರ ಶೇ. 2ರಲ್ಲಿ ನಿಲ್ಲಬೇಕಾದರೆ ಮೊದಲ ಸಂದರ್ಭದಲ್ಲಿ ಸಂಬಳ ಶೇ. 3.4 ಏರಲು ಅವಕಾಶವಿತ್ತು, ಈಗ ಶೇ. 2.2 ಮಾತ್ರ. ಉತ್ತರ 1ರವರು ಹೇಳಿದಂತೆ ಹಳೆಯ ಬೆಲೆ ವಾಪಸ್ ಬರುವುದಿಲ್ಲ. ಕಳೆದುಕೊಂಡ ಕೊಳ್ಳುವ ಶಕ್ತಿ ಮರಳಬೇಕಾದರೆ ಸಂಬಳ ಬೆಲೆಗಿಂತ ಮುಂದೆ ಓಡಬೇಕು, ಹಾಗೆ ಓಡಲು ಶೇ. 0.2ರಷ್ಟೇ ದಾರಿ ಇದೆ. ಮೂರು ಗಂಟೆ ವಿಮಾನ ಹತ್ತಿದರೆ ಸಿಡ್ನಿ, ನ್ಯೂಜಿಲೆಂಡ್ ಪೌರರಿಗೆ ಅಲ್ಲಿ ದುಡಿಯಲು ಅಡ್ಡಿಯಿಲ್ಲ. ನರ್ಸ್, ಎಲೆಕ್ಟ್ರಿಷಿಯನ್, ಪೊಲೀಸ್ ಎಲ್ಲರೂ ಆ ಸಂಬಳಕ್ಕೆ ಹೋಲಿಸಿ ಕೇಳುತ್ತಾರೆ. ಕೊಡದಿದ್ದರೆ ಹೋಗುತ್ತಾರೆ, ಕೊಟ್ಟರೆ ಆ ಭಾರ ಬೆಲೆಯ ಮೇಲೆ ಕೂರುತ್ತದೆ.

ಗಂಟೆಯ ಉತ್ಪಾದನೆ ಏಕೆ ಕಡಿಮೆ? ನನ್ನ ಪ್ರಕಾರ ಮುಖ್ಯ ಕಾರಣ ಒಬ್ಬ ಕೆಲಸಗಾರನ ಹಿಂದೆ ಇರುವ ಯಂತ್ರ, ತಂತ್ರಾಂಶ, ಕಟ್ಟಡ ತೆಳುವಾಗಿರುವುದು. ಅದು ತೆಳುವಾಗಲು ಮಾರುಕಟ್ಟೆಯ ಗಾತ್ರವೇ ಕಾರಣ. ಒಂದು ಉದಾಹರಣೆ ಲೆಕ್ಕ ಮಾಡೋಣ. ಸಾಸ್ ಪೊಟ್ಟಣ ತುಂಬುವ ಯಂತ್ರದ ಬೆಲೆ 9 ಲಕ್ಷ ಡಾಲರ್, ಆಯಸ್ಸು 10 ವರ್ಷ, ವರ್ಷಕ್ಕೆ 90,000. ಮೆಲ್ಬರ್ನಿನಲ್ಲಿ ಎರಡು ಪಾಳಿ, 250 ದಿನ, ದಿನಕ್ಕೆ 16 ಗಂಟೆ. ಒಂದೇ ಬಗೆಯ ಸರಕು ದೀರ್ಘಕಾಲ ಓಡುವುದರಿಂದ ಬದಲಾವಣೆಗೆ ಹೋಗುವ ಸಮಯ ಶೇ. 10. ನಿಜವಾಗಿ ಓಡುವುದು 3,600 ಗಂಟೆ, ಗಂಟೆಗೆ 25 ಡಾಲರ್. ಆಕ್ಲೆಂಡಿನಲ್ಲಿ ಅದೇ ಯಂತ್ರಕ್ಕೆ ಒಂದೇ ಪಾಳಿಯಷ್ಟು ಬೇಡಿಕೆ. ಸಣ್ಣ ಸಣ್ಣ ಆರ್ಡರ್‌ಗಳು, ದಿನಕ್ಕೆ ನಾಲ್ಕು ಸಲ ಸರಕು ಬದಲಿಸಬೇಕು, ಪ್ರತಿ ಸಲ 36 ನಿಮಿಷ. 480 ನಿಮಿಷದಲ್ಲಿ 144 ಹೋಯಿತು, ಶೇ. 30. ವರ್ಷಕ್ಕೆ ಓಡಿದ್ದು 1,400 ಗಂಟೆ, ಗಂಟೆಗೆ 64 ಡಾಲರ್. ಮಾಲೀಕ ಈ ಲೆಕ್ಕ ನೋಡಿ ಯಂತ್ರ ಕೊಳ್ಳುವುದಿಲ್ಲ, ಇಬ್ಬರನ್ನು ಹೆಚ್ಚಿಗೆ ನೇಮಿಸುತ್ತಾನೆ. ಅವನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಎಲ್ಲರೂ ಹಾಗೆ ಮಾಡಿದಾಗ ದೇಶದ ಗಂಟೆಯ ಉತ್ಪಾದನೆ ನಿಂತಲ್ಲೇ ನಿಲ್ಲುತ್ತದೆ.

ಇಲ್ಲಿ ಹಣ ಹಾಕದೆಯೂ ಗಳಿಸಬಹುದಾದದ್ದು ಇದೆ, ಅದನ್ನು ಬಹಳ ಕಾರ್ಖಾನೆಗಳು ಬಿಟ್ಟುಬಿಡುತ್ತವೆ. ಆ 36 ನಿಮಿಷದ ಬದಲಾವಣೆಯನ್ನು ಒಮ್ಮೆ ಪೂರ್ತಿ ವಿಡಿಯೊ ಮಾಡಿ. ಯಂತ್ರ ನಿಂತಾಗಲೇ ಆಗಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು ಅಂತ ಬೇರೆ ಮಾಡಿ. ಮುಂದಿನ ಸರಕಿನ ಫಿಲ್ಮ್ ಸುರುಳಿ, ಲೇಬಲ್, ನಾಜಲ್, ಪಾನಾ ಎಲ್ಲ ಒಂದು ತಳ್ಳುಗಾಡಿಯಲ್ಲಿ ಮೊದಲೇ ಬಂದು ನಿಂತಿರಲಿ. ಆರು ಬೋಲ್ಟ್ ಬಿಚ್ಚುವ ಕಡೆ ಎಳೆದರೆ ಕೂರುವ ಕ್ಲಾಂಪ್ ಹಾಕಿಸಿ. ನಾಜಲ್‌ಗಳ ಎರಡನೇ ಜೊತೆ ಇಟ್ಟುಕೊಂಡರೆ ತೊಳೆಯುವ ಕೆಲಸ ಯಂತ್ರದ ಹೊರಗೇ ಆಗುತ್ತದೆ. 36 ನಿಮಿಷ 16ಕ್ಕೆ ಇಳಿದರೆ ದಿನಕ್ಕೆ 80 ನಿಮಿಷ ಉಳಿಯುತ್ತದೆ. ವರ್ಷದ ಓಟ 1,733 ಗಂಟೆಗೆ ಏರುತ್ತದೆ, ಯಂತ್ರದ ಖರ್ಚು ಗಂಟೆಗೆ 64ರಿಂದ 52 ಡಾಲರಿಗೆ ಇಳಿಯುತ್ತದೆ. ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಉಳಿದ 80 ನಿಮಿಷಕ್ಕೆ ಆರ್ಡರ್ ಹುಡುಕದೆ ಯಂತ್ರವನ್ನು ಸುಮ್ಮನೆ ನಿಲ್ಲಿಸುವುದು. ಇನ್ನೊಂದು, ಮೂರು ತಿಂಗಳ ನಂತರ ತಳ್ಳುಗಾಡಿ ಸಿದ್ಧಮಾಡುವ ಹೊಣೆ ಯಾರದ್ದು ಎಂಬುದೇ ಮರೆತುಹೋಗುವುದು.

ಎರಡನೇ ಕಾರಣ ಪೈಪೋಟಿ ಕಡಿಮೆ ಇರುವುದು. ಮನೆಯ ಒಳಗೋಡೆಗೆ ಬಳಸುವ ಪ್ಲಾಸ್ಟರ್‌ಬೋರ್ಡನ್ನೇ ತೆಗೆದುಕೊಳ್ಳಿ. 2022ರಲ್ಲಿ ಜಿಬ್ ಬ್ರಾಂಡಿನ ಪಾಲು ಮಾರುಕಟ್ಟೆಯ ಶೇ. 90ಕ್ಕಿಂತ ಹೆಚ್ಚಿತ್ತು. ನಕ್ಷೆಯಲ್ಲಿ ಗೋಡೆಯ ಬಿಗಿತದ ಲೆಕ್ಕವನ್ನೇ ಆ ಬ್ರಾಂಡಿನ ಹೆಸರಿನಲ್ಲಿ ಬರೆದಿರುತ್ತಿದ್ದರು. ಹಲಗೆ ಸಿಗದಾಗ ಬೇರೆ ಬ್ರಾಂಡ್ ಹಾಕಬೇಕೆಂದರೆ ಮನೆ ಕಟ್ಟಲು ಕೌನ್ಸಿಲ್ ಕೊಟ್ಟ ಒಪ್ಪಿಗೆಯಲ್ಲಿ ತಿದ್ದುಪಡಿ ಬೇಕಾಗುತ್ತಿತ್ತು. ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು ತಿಂಗಳುಗಟ್ಟಲೆ ಕಾದರು. ಅವರ ಗಂಟೆಯ ಉತ್ಪಾದನೆ ಬಿದ್ದದ್ದು ಅವರ ಕೈಯ ದೋಷದಿಂದ ಅಲ್ಲ.

ಮೂರನೆಯದು ಉಳಿತಾಯ ಹರಿಯುವ ದಿಕ್ಕು. ಬ್ಯಾಂಕ್ ಸಾಲದ ಶೇ. 60ಕ್ಕಿಂತ ಹೆಚ್ಚು ಮನೆಗಳಿಗೆ ಹೋಗುತ್ತದೆ. ದೇಶದಲ್ಲಿ ಸಮಗ್ರ ಬಂಡವಾಳ ಲಾಭ ತೆರಿಗೆ ಇಲ್ಲ. ಇದ್ದದ್ದು ಬ್ರೈಟ್‌ಲೈನ್ ಎಂಬ ನಿಯಮ: ಹೂಡಿಕೆಗೆ ಕೊಂಡ ಮನೆಯನ್ನು ಇಂತಿಷ್ಟು ವರ್ಷದೊಳಗೆ ಮಾರಿದರೆ ಲಾಭಕ್ಕೆ ತೆರಿಗೆ. ಆ ಅವಧಿಯನ್ನು 2024ರ ಜುಲೈ 1ರಿಂದ ಎರಡು ವರ್ಷಕ್ಕೆ ಇಳಿಸಿದರು. ಬಾಡಿಗೆ ಮನೆಯ ಸಾಲದ ಬಡ್ಡಿಯನ್ನು 2025ರ ಏಪ್ರಿಲ್‌ನಿಂದ ತೆರಿಗೆ ಬೀಳುವ ಆದಾಯದಿಂದ ಮತ್ತೆ ಪೂರ್ತಿ ಕಳೆಯಬಹುದು. ಕೈಯಲ್ಲಿ ಎರಡು ಲಕ್ಷ ಡಾಲರ್ ಇರುವವರು ಅದನ್ನು ಯಂತ್ರಕ್ಕೆ ಹಾಕುತ್ತಾರೋ ಎರಡನೇ ಮನೆಯ ಮುಂಗಡಕ್ಕೋ ಎಂದು ಕೇಳಿದರೆ ಉತ್ತರ ಈ ನಿಯಮಗಳಲ್ಲೇ ಇದೆ.

2025ರ ಮೇ ಬಜೆಟ್‌ನಲ್ಲಿ ಒಂದು ಒಳ್ಳೆಯ ಹೆಜ್ಜೆ ಬಂತು: ಇನ್ವೆಸ್ಟ್‌ಮೆಂಟ್ ಬೂಸ್ಟ್. ಹೊಸ ಯಂತ್ರದ ಬೆಲೆಯ ಶೇ. 20ರಷ್ಟನ್ನು ಸರ್ಕಾರವೇ ಕೊಟ್ಟಂತೆ.

ಉತ್ತರ 4: ದಕ್ಷಿಣದ್ವೀಪ

ಉತ್ತರ 3ರ ಬಹುಪಾಲು ಒಪ್ಪುತ್ತೇನೆ. ಒಂದು ಕಡೆ ತೂಕ ತಪ್ಪಿದೆ ಅನಿಸುತ್ತದೆ. ಮನೆಗಳಿಗೆ ಹಣ ಹೋಗುವುದನ್ನು ತಡೆದ ಮಾತ್ರಕ್ಕೆ ಅದು ಯಂತ್ರಗಳಿಗೆ ಹರಿಯುವುದಿಲ್ಲ. ಮೆಲ್ಬರ್ನಿನ 3,600 ಗಂಟೆ, ಆಕ್ಲೆಂಡಿನ 1,400 ಗಂಟೆ ಎಂಬ ಅವರದೇ ಲೆಕ್ಕ ಹೇಳುವುದು ಅದನ್ನೇ. ತೆರಿಗೆ ಬದಲಿಸಿದರೂ ಆ ಗಂಟೆಗಳು ಬದಲಾಗುವುದಿಲ್ಲ. ಹೊರದೇಶಕ್ಕೆ ಮಾರುವ ಕಂಪನಿಗೆ ಮಾತ್ರ ಯಂತ್ರ ಪೂರ್ತಿ ಓಡಿಸುವಷ್ಟು ಬೇಡಿಕೆ ಸಿಗುತ್ತದೆ. ಹಾಲು, ಕಿವಿಹಣ್ಣು, ವೈನ್ ಈ ದೇಶದಲ್ಲಿ ಗೆದ್ದದ್ದು ಅದಕ್ಕೇ. ಕಿವಿಹಣ್ಣಿನ ಪ್ಯಾಕ್‌ಹೌಸ್‌ಗಳಲ್ಲಿ ಹಣ್ಣಿನ ಪ್ರತಿ ಮಗ್ಗುಲನ್ನೂ ಕ್ಯಾಮೆರಾ ನೋಡಿ ವಿಂಗಡಿಸುವ ಸಾಲುಗಳಿವೆ, ಯಾಕೆಂದರೆ ಹಂಗಾಮಿನಲ್ಲಿ ಅವು ಹಗಲು ರಾತ್ರಿ ಓಡುತ್ತವೆ. ಉತ್ಪಾದಕತೆ ಕುಂಟುತ್ತಿರುವುದು ದೇಶದೊಳಗಿನ 53 ಲಕ್ಷ ಜನರಿಗಷ್ಟೇ ಕೆಲಸ ಮಾಡುವ ವಲಯಗಳಲ್ಲಿ: ಮನೆ ಕಟ್ಟುವುದು, ಚಿಲ್ಲರೆ ವ್ಯಾಪಾರ, ಸ್ಥಳೀಯ ಸೇವೆಗಳು. ಅಲ್ಲಿ ತೆರಿಗೆಗಿಂತ ಪೈಪೋಟಿ ಮತ್ತು ಒಪ್ಪಿಗೆಪತ್ರದ ನಿಯಮಗಳೇ ಹೆಚ್ಚು ಕೆಲಸ ಮಾಡುತ್ತವೆ.

ವಿದ್ಯುತ್ ಬೆಲೆಯನ್ನೂ ಉತ್ಪಾದಕತೆಯ ಚರ್ಚೆಯಿಂದ ಹೊರಗಿಡಬಾರದು. 2024ರ ಆಗಸ್ಟ್‌ನಲ್ಲಿ ಜಲಾಶಯಗಳು ತಗ್ಗಿ, ಅನಿಲ ಕಡಿಮೆಯಾಗಿ, ಸಗಟು ವಿದ್ಯುತ್ ಮೆಗಾವಾಟ್ ಗಂಟೆಗೆ 800 ಡಾಲರ್ ದಾಟಿತು. ಒಹಾಕುನೆ ಹತ್ತಿರದ ಪಲ್ಪ್ ಗಿರಣಿ ಮತ್ತು ಮರದ ಗಿರಣಿ ಮುಚ್ಚಿ ಸುಮಾರು 230 ಜನ ಕೆಲಸ ಕಳೆದುಕೊಂಡರು. ಒಬ್ಬೊಬ್ಬರ ಹಿಂದೆ ದೊಡ್ಡ ಯಂತ್ರ ಇದ್ದ, ರಫ್ತಿಗೆ ದುಡಿಯುತ್ತಿದ್ದ ಕೆಲಸಗಳು ಅವು. ಅಂಥವು ಹೋದಾಗ ದೇಶದ ಸರಾಸರಿಯೇ ಕೆಳಗೆ ಜಾರುತ್ತದೆ.

ಉತ್ತರ 5: ಮನೆ_ಸಾಲ

ಪ್ರಶ್ನೆಯ ಕೊನೆಯ ಭಾಗವನ್ನು ಯಾರೂ ಮುಟ್ಟಿಲ್ಲ, ಹಾಗಾಗಿ ಇದನ್ನು ಸೇರಿಸುತ್ತಿದ್ದೇನೆ.

ನ್ಯೂಜಿಲೆಂಡಿನಲ್ಲಿ ಗೃಹಸಾಲವನ್ನು ಹೆಚ್ಚಿನವರು ಒಂದು, ಎರಡು ವರ್ಷಕ್ಕೆ ಬಡ್ಡಿ ನಿಗದಿ ಮಾಡಿಸಿ, ಅವಧಿ ಮುಗಿದಾಗ ಮತ್ತೆ ನಿಗದಿ ಮಾಡಿಸುತ್ತಾರೆ. ಆದ್ದರಿಂದ ಓಸಿಆರ್ ಇಳಿದದ್ದು ಮನೆಗೆ ತಲುಪುವುದು ತಡವಾಗಿ, ಒಬ್ಬೊಬ್ಬರಿಗೆ ಒಂದೊಂದು ತಿಂಗಳಲ್ಲಿ. ಲೆಕ್ಕ ನೋಡಿ: 6 ಲಕ್ಷ ಡಾಲರ್, 25 ವರ್ಷ. ಶೇ. 7ರಲ್ಲಿ ತಿಂಗಳ ಕಂತು ಸುಮಾರು 4,240. ಶೇ. 5ರಲ್ಲಿ ಸುಮಾರು 3,507. ತಿಂಗಳಿಗೆ 733 ಉಳಿಯಿತು. ಸಂಸಾರ ನಿಜಕ್ಕೂ ಬಿಗಿಯಾಗಿದ್ದರೆ ಅದನ್ನು ಖರ್ಚಿಗೆ ಬಳಸಿ, ತಪ್ಪೇನಿಲ್ಲ. ಸ್ವಲ್ಪವಾದರೂ ಸಡಿಲ ಇದ್ದರೆ ಕಂತನ್ನು 4,240ರಲ್ಲೇ ಉಳಿಸಿ, ಬಡ್ಡಿ ಹಾಗೇ ಇದ್ದರೆ ಸಾಲ 25 ವರ್ಷದ ಬದಲು 17 ವರ್ಷ 10 ತಿಂಗಳಿಗೆ ತೀರುತ್ತದೆ.

ಜನ ತಪ್ಪುವುದು ಇಲ್ಲಿ: ಕಂತು ಏರಿಸುವ ಮಾತನ್ನು ಮರುನಿಗದಿಯ ದಿನವೇ ಹೇಳಬೇಕು. ಒಮ್ಮೆ ನಿಗದಿಯಾದ ಮೇಲೆ ಬ್ಯಾಂಕ್ ಹಾಕಿರುವ ಮಿತಿಗಿಂತ ಹೆಚ್ಚು ಕಟ್ಟಿದರೆ ಅವಧಿಪೂರ್ವ ಮುರಿತದ ಶುಲ್ಕ ಬೀಳಬಹುದು. ಮಿತಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಒಪ್ಪಂದದಲ್ಲಿ ಓದಿಕೊಳ್ಳಿ. ಸಾಲವನ್ನು ಎರಡು ತುಂಡು ಮಾಡಿ ಒಂದನ್ನು ಒಂದು ವರ್ಷಕ್ಕೆ, ಇನ್ನೊಂದನ್ನು ಎರಡು ವರ್ಷಕ್ಕೆ ಇಟ್ಟರೆ ಪೂರ್ತಿ ಸಾಲ ಒಂದೇ ದಿನ ಕೆಟ್ಟ ದರಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ತುಂಡುಗಳು ಬೇರೆ ಬೇರೆ ದಿನ ಮುಗಿಯುವುದರಿಂದ ಬ್ಯಾಂಕ್ ಬದಲಿಸುವುದು ಕಷ್ಟವಾಗುತ್ತದೆ, ಅದನ್ನೂ ಯೋಚಿಸಿ.

ವಿದ್ಯುತ್ ಬಿಲ್ಲಿನಲ್ಲಿ ದೊಡ್ಡ ಪಾಲು ಬಿಸಿನೀರಿನದು. 180 ಲೀಟರ್ ಸಿಲಿಂಡರಿನ ನೀರನ್ನು 15ರಿಂದ 60 ಡಿಗ್ರಿಗೆ ಏರಿಸಲು 9.4 ಯೂನಿಟ್ ಬೇಕು. ರಾತ್ರಿ ದರ ಅಗ್ಗ ಇರುವ ಯೋಜನೆಗೆ ಬದಲಿಸಿ ಸಿಲಿಂಡರಿಗೆ ಟೈಮರ್ ಹಾಕಿಸಿದರೆ ಈ 9.4 ಯೂನಿಟ್ ಅಗ್ಗದ ಹೊತ್ತಿಗೆ ಜಾರುತ್ತದೆ. ಹಗಲು-ರಾತ್ರಿ ದರದ ಅಂತರ 14 ಸೆಂಟ್ ಅಂದುಕೊಂಡರೆ ದಿನಕ್ಕೆ 1.30 ಡಾಲರ್ ತನಕ ಉಳಿಯುತ್ತದೆ. ಟೈಮರ್ ಅನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಉಷ್ಣಾಂಶವನ್ನು ಮಾತ್ರ 60ಕ್ಕಿಂತ ಇಳಿಸಬೇಡಿ, ಲಿಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇಡೀ ದಿನ ಮನೆಯಲ್ಲಿ ಹೀಟರ್ ಹಾಕಿಕೊಂಡು ಕೂರುವ ವಯಸ್ಸಾದ ತಂದೆ-ತಾಯಿ ಇದ್ದರೆ ಈ ಯೋಜನೆ ನಷ್ಟವಾಗಬಹುದು, ಏಕೆಂದರೆ ಅಂಥ ಯೋಜನೆಗಳಲ್ಲಿ ಹಗಲಿನ ದರ ಸಾಮಾನ್ಯ ದರಕ್ಕಿಂತ ಜಾಸ್ತಿ. ಮೊದಲು ಹಿಂದಿನ 12 ತಿಂಗಳ ಬಳಕೆಯನ್ನು ವಿದ್ಯುತ್ ದರ ಹೋಲಿಸುವ ತಾಣದಲ್ಲಿ ಹಾಕಿ ನೋಡಿ. ಕಡಿಮೆ ಬಳಕೆದಾರರಿಗೆ ಇದ್ದ ಅಗ್ಗದ ದಿನಶುಲ್ಕವನ್ನು 2022ರಿಂದ ಪ್ರತಿ ಏಪ್ರಿಲ್‌ನಲ್ಲಿ ದಿನಕ್ಕೆ 30 ಸೆಂಟ್‌ನಂತೆ ಏರಿಸುತ್ತಾ 2027ಕ್ಕೆ ಕೊನೆಗಾಣಿಸುತ್ತಿದ್ದಾರೆ. ಹಳೆಯ ಹೋಲಿಕೆಯನ್ನು ನಂಬಿ ಕೂರಬೇಡಿ, ವರ್ಷಕ್ಕೊಮ್ಮೆ ಮಾಡಿ.

ಉತ್ತರ 3ರವರಿಗೆ ಒಂದು ತಿದ್ದುಪಡಿ. ಇನ್ವೆಸ್ಟ್‌ಮೆಂಟ್ ಬೂಸ್ಟ್‌ನಲ್ಲಿ ಶೇ. 20 'ಸರ್ಕಾರ ಕೊಟ್ಟಂತೆ' ಅಲ್ಲ, ಅಷ್ಟನ್ನು ಮೊದಲ ವರ್ಷವೇ ಆದಾಯದಿಂದ ಕಳೆಯಬಹುದು ಅಷ್ಟೆ. ಒಂದು ಲಕ್ಷ ಡಾಲರಿನ ಯಂತ್ರ, ಸವಕಳಿ ದರ ಇಳಿಕೆ ಕ್ರಮದಲ್ಲಿ (ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ) ಶೇ. 20, ವರ್ಷದ ಮೊದಲ ತಿಂಗಳಲ್ಲೇ ಬಂತು ಅನ್ನಿ. ಮೊದಲಾಗಿದ್ದರೆ ಆ ವರ್ಷ ಆದಾಯದಿಂದ ಕಳೆಯಬಹುದಾಗಿದ್ದು 20,000. ಈಗ 20,000 ಮೊದಲೇ ಕಳೆದು, ಉಳಿದ 80,000ದ ಶೇ. 20 ಅಂದರೆ 16,000, ಒಟ್ಟು 36,000. ಹೆಚ್ಚುವರಿ 16,000ಕ್ಕೆ ಶೇ. 28ರ ಕಂಪನಿ ತೆರಿಗೆ ಲೆಕ್ಕದಲ್ಲಿ ಮೊದಲ ವರ್ಷ ಉಳಿಯುವುದು 4,480 ಡಾಲರ್. ಮುಂದಿನ ವರ್ಷಗಳಲ್ಲಿ ಸವಕಳಿ ಅಷ್ಟೇ ಕಡಿಮೆ ಸಿಗುತ್ತದೆ. ಅದು ತೆರಿಗೆಯ ಮುಂದೂಡಿಕೆ, ದಾನವಲ್ಲ.

ಕಾರ್ಖಾನೆ_ಗಂಟೆ

ನೀವು ಹೇಳಿದ್ದು ಸರಿ, ನಾನು ಬರೆದ ವಾಕ್ಯ ತಪ್ಪು. ಕೊಳ್ಳುವವರಿಗೆ ಉಪಯೋಗವಾಗಲೆಂದು ಉಳಿದ ವಿವರ ಸೇರಿಸುತ್ತೇನೆ. ಯಂತ್ರ 2025ರ ಮೇ 22ರಂದು ಅಥವಾ ಆಮೇಲೆ ಬಳಕೆಗೆ ಸಿದ್ಧವಾಗಿರಬೇಕು, ಆರ್ಡರ್ ಕೊಟ್ಟ ದಿನವಾಗಲಿ ಹಣ ಕಟ್ಟಿದ ದಿನವಾಗಲಿ ಲೆಕ್ಕಕ್ಕಿಲ್ಲ. ಮಾರ್ಚ್ 31ಕ್ಕೆ ವರ್ಷ ಮುಗಿಯುವ ಕಂಪನಿಯ ಯಂತ್ರ ಅಂದು ಇನ್ನೂ ಹಡಗಿನಲ್ಲಿದ್ದರೆ ಆ ವರ್ಷಕ್ಕೆ ಸಿಗದು. ಮಾರ್ಚ್‌ನಲ್ಲೇ ಬಂದು ಕೂತು ಓಡಲು ತಯಾರಾದರೆ ಸಾಮಾನ್ಯ ಸವಕಳಿ ಒಂದು ತಿಂಗಳಷ್ಟೇ ಸಿಕ್ಕರೂ ಈ ಶೇ. 20 ಪೂರ್ತಿ ಸಿಗುತ್ತದೆ. ದೇಶದೊಳಗೆ ಈಗಾಗಲೇ ಬಳಸಿದ ಹಳೆಯ ಯಂತ್ರ, ನಿವೇಶನ, ವಾಸದ ಮನೆಗೆ ಅನ್ವಯಿಸುವುದಿಲ್ಲ. ಹೊರದೇಶದಿಂದ ತರಿಸಿದ ಹಳೆಯ ಯಂತ್ರ ಇಲ್ಲಿ ಮೊದಲ ಸಲ ಬಳಕೆಗೆ ಬರುತ್ತಿದ್ದರೆ ಅನ್ವಯಿಸುತ್ತದೆ. ಮುಂದೆ ಯಂತ್ರವನ್ನು ಲೆಕ್ಕಪುಸ್ತಕದ ಮೌಲ್ಯಕ್ಕಿಂತ ಹೆಚ್ಚಿಗೆ ಮಾರಿದರೆ ಹಿಂದೆ ಆದಾಯದಿಂದ ಕಳೆದಿದ್ದ ಮೊತ್ತ ಮತ್ತೆ ಆದಾಯವಾಗಿ ಸೇರುತ್ತದೆ, ಆ ವರ್ಷದ ತೆರಿಗೆಗೆ ಹಣ ತೆಗೆದಿಟ್ಟಿರಬೇಕು.